ಬಂಡೆಗೆ ಶಿಖರವೆಂಬ ಪದವಿ

ಬೀದಿದೀಪ ಹೊತ್ತುವುದೊಂದೇ ಮಕ್ಕಳು ಮನೆಗೆ ಮರಳುವ ಗಡುವಾಗಿದ್ದ ಆ ದಿನಗಳಲ್ಲಿ, ಬಸವನಗುಡಿಯ ನಮ್ಮ ಬೀದಿಯ ಕೊನೆಗಿದ್ದ ಬಂಡೆಗುಡ್ಡಕ್ಕೆ ನಾವೇ ಶಾಸನಕರ್ತರು. ಯಾವ ಬಂಡೆ ಶಿಖರವೆನಿಸಿಕೊಳ್ಳಲು ಅರ್ಹವೆಂಬುದಕ್ಕೆ ಕಟ್ಟುನಿಟ್ಟಾದ ನಿಯಮಗಳಿದ್ದವು. ಕೈಯೂರದೆ ನಡೆದೇ ಹತ್ತಬಹುದಾದದ್ದು ಶಿಖರವಲ್ಲ. ಪಕ್ಕದ ಬಂಡೆಗೆ ಅಂಟಿಕೊಂಡಿದ್ದರೂ ಅಲ್ಲ; ಅದು ತನ್ನಷ್ಟಕ್ಕೆ ತಾನು ನಿಂತಿದೆಯೆಂದು ಯಾರಾದರೊಬ್ಬರು ಪೂರ್ತಿ ಸುತ್ತಿಬಂದು ರುಜುವಾತುಪಡಿಸಬೇಕು.

ಆ ಬೇಸಿಗೆ ರಜೆಯಲ್ಲಿ ವಿವಾದಕ್ಕೆ ಸಿಕ್ಕಿದ್ದು ಗುಡ್ಡದ ಹಿಂಬದಿಯ ಎತ್ತರದ ಬಂಡೆ. ಅದಕ್ಕೂ ನೆರೆಯ ಬಂಡೆಗೂ ನಡುವೆ ಒಂದು ಕಿರಿದಾದ ಸಂದು.

"ಒಳಗಡೆ ಎರಡೂ ಒಂದೇ ಕಲ್ಲು ಕಣೇ, ಇದು ಲೆಕ್ಕಕ್ಕಿಲ್ಲ," ಎಂದ ಎದುರುಮನೆಯ ರವಿ.

"ಬೇರೆ ಬೇರೆನೇ," ಎಂದೆ ನಾನು.

"ಹಾಗಾದ್ರೆ ತೂರ್ಕೊಂಡ್ಹೋಗಿ ತೋರ್ಸು. ಬಾಯಲ್ಲಿ ನಮ್ಮಜ್ಜಿನೂ ಹೇಳ್ತಾರೆ."

ಗುಂಪಿನಲ್ಲಿ ನಾನೇ ಸಣಕಲಿ. ಅಡ್ಡಡ್ಡಲಾಗಿ ನುಸುಳಿದೆ. ಒಳಗೆ ತಂಪು, ಬಾವಲಿ ಹಿಕ್ಕೆಯ ಕಮಟು ನಾತ. ನಡುವಿಗೆ ಬಂದಾಗ ಎದೆ ಕಲ್ಲಿಗೆ ಕಚ್ಚಿಕೊಂಡಿತು. ಹಿಂದೆ ಸರಿಯಹೋದರೆ ಲಂಗ ಎಲ್ಲೋ ಸಿಕ್ಕಿಕೊಂಡಿತ್ತು. ಹೆದರಿ ಉಸಿರೆಳೆದಷ್ಟೂ ಕಲ್ಲು ಬಿಗಿಯಾಯಿತು. ಬಂಡೆಗೆ ಜೀವವಿದೆ, ಅದು ಮುಚ್ಚಿಕೊಳ್ಳುತ್ತಿದೆ ಎಂದೇ ನಂಬಿದೆ. ನನ್ನ ಏದುಸಿರು ಹೊರಗಿನವರಿಗೂ ಕೇಳಿಸುತ್ತಿದ್ದಿರಬೇಕು.

"ಲೇ, ತಮಾಷೆ ಮಾಡ್ಬೇಡ, ವಾಪಸ್ ಬಂದ್ಬಿಡೇ... ನಿಮ್ಮಮ್ಮನ್ನ ಕರೀಲಾ?" ಹಿಂದಿನಿಂದ ಕೇಳಿದ ರವಿಯ ದನಿ ನಡುಗುತ್ತಿತ್ತು. ಅದರಿಂದ ನನ್ನ ಭಯ ಇಮ್ಮಡಿಸಿತು.

ಅಷ್ಟರಲ್ಲಿ ಗೆಳತಿ ನಾಗವೇಣಿ ಎರಡೂ ಬಂಡೆಗಳನ್ನು ಸುತ್ತಿಕೊಂಡು ಆಚೆ ಬದಿಗೆ ಓಡಿದ್ದಳು. ಸಂದಿಗೆ ಬಾಯಿಟ್ಟು ಹೇಳಿದಳು: "ಉಸಿರು ಎಳ್ಕೋಬೇಡ ಕಣೇ, ಬಿಡು. ಪೂರ್ತಿ ಬಿಟ್ಬಿಡು. ಹಾಂ, ಈಗ ಸರಿ ಈ ಕಡೆ. ನನ್ ಕೈ ಇಲ್ಲೇ ಇದೆ."

ಸಾಯುವವಳಂತೆ ಉಸಿರು ಬಿಟ್ಟೆ. ಎದೆ ಸಡಿಲವಾಯಿತು. ತುಸು ಸರಿದೆ. ಲಂಗ ಪರ್ರನೆ ಹರಿಯಿತು. ಕತ್ತಲಲ್ಲಿ ಬೆರಳ ತುದಿಗೆ ಅವಳ ಬೆವೆತ ಅಂಗೈ ತಾಗಿತು.

ಬಂಡೆಯು ಶಿಖರವೆಂದು ಅವಿರೋಧವಾಗಿ ಅಂಗೀಕೃತವಾಯಿತು. ಆದರೆ ಅದನ್ನು ಹತ್ತಲು ಆ ರಜೆಯುದ್ದಕ್ಕೂ ಒಬ್ಬರೂ ಮುಂದಾಗಲಿಲ್ಲ.

ಈಗ ಆ ಸಂದಿಗೆ ಸಿಮೆಂಟು ತುಂಬಿ ಕಂಬಿಬೇಲಿ ಹಾಕಿದ್ದಾರೆ. ಮಕ್ಕಳ ಸುರಕ್ಷತೆಗಾಗಿ ಸಭೆಗಳಲ್ಲಿ ವಾದಿಸುವ ನಾನು ಅದನ್ನು ಖಂಡಿಸಲಾರೆ, ಖಂಡಿಸಲೂಬಾರದು. ನಾಗವೇಣಿಯ ಮನೆಯವರು ಬಿನ್ನಿಪೇಟೆಯ ಕಡೆಗೆ ಹೋದ ಮೇಲೆ ಅವಳ ಸುದ್ದಿಯೇ ಇಲ್ಲ. ಆ ಸಭೆಗಳಲ್ಲಿ ನ್ಯಾಯವೆಂದು ತಿಳಿದದ್ದನ್ನು ಹೇಳಲು ಒಬ್ಬಳೇ ಎದ್ದು ನಿಂತಾಗ ಇಂದಿಗೂ ಎದೆ ಬಿಗಿಯುತ್ತದೆ. ವಾಪಸ್ ಬಂದುಬಿಡಿ ಮೇಡಂ ಎನ್ನುವ ಹಿತೈಷಿಗಳಿಗೆ ಕೊರತೆಯಿಲ್ಲ. ಆಚೆ ಬದಿಗೆ ಓಡುವವರು ಯಾರೂ ಇಲ್ಲ.