ಸಾಹೇಬ್ರ ಎಲಿಗೆ ಬಿದ್ದ ಕೋಸಂಬರಿ

ಮಡಗಾಂವದ ನಮ್ಮ ಬಾಡಿಗಿ ಮನ್ಯಾಗ ಸತ್ಯನಾರಾಯಣ ಪೂಜಿ ಇತ್ತು. ಊಟಕ್ಕ ಆಫೀಸಿನ ಸಾಹೇಬ್ರನ್ನ ಕರದಿದ್ದೆ. ನನ್ನ ನೌಕರಿ ಕಾಯಂ ಮಾಡೋ ಕಾಗದಕ್ಕ ಅವರ ಸಹಿ ಇನ್ನೂ ಬಿದ್ದಿರಲಿಲ್ಲ.

ಹೆಸರಬ್ಯಾಳಿ ನೆನಸಿ, ಸೌತಿಕಾಯಿ ಹೆಚ್ಚಿ ಕೋಸಂಬರಿ ಮಾಡಿದೆ. ನೈವೇದ್ಯ ಆಗೋತನಕ ರುಚಿ ನೋಡೋ ಹಂಗಿಲ್ಲ. ಸೌತಿಕಾಯಿ ಕಹಿ ಇದ್ರ ಏನ್ ಗತಿ ಅಂತ ಚಿಂತಿ ಇತ್ತು. ನೈವೇದ್ಯ ಆದ ಕೂಡಲೇ ಸಾಹೇಬ್ರು ಊಟಕ್ಕ ಕೂತೇ ಬಿಟ್ರು.

ಎಲ್ಲಕ್ಕಿಂತ ಮೊದಲ ಕೋಸಂಬರಿನೇ ಖಾಲಿ ಮಾಡಿದ್ರು. ನನಗ ಹೋದ ಜೀವ ಬಂದಂಗಾತು. ಮತ್ತ ಬಡಿಸಿದೆ. ಅದನ್ನೂ ಗಬಗಬ ತಿಂದ್ರು. ಮೂರನೇ ಸಲ "ಪುರೋ, ಪುರೋ, ಸಾಕ್ರಿ!" ಅಂತ ಎಲಿಗೆ ಕೈ ಅಡ್ಡ ಹಿಡಿದ್ರು.

"ಸಂಕೋಚ ಮಾಡ್ಕೋಬ್ಯಾಡ್ರಿ ಸಾಹೇಬ್ರ" ಅಂತ ಹಾಕೇ ಬಿಟ್ಟೆ.

ಆಮ್ಯಾಲೆ ನಾ ಒಂದು ಚಮಚ ಬಾಯಿಗೆ ಇಟ್ಟೆ. ಹಾಗಲಕಾಯಿನೇ ವಾಸಿ! ಪಾಪ, ಪ್ರಸಾದ ಬಿಡಬಾರದಂತ ಅವರು ಅದನ್ನ ಮೊದಲ ನುಂಗಿ ಮುಗಿಸ್ಯಾರ.

ನೌಕರಿ ಕಾಯಂ ಆತು. ಆದ್ರ ನಾ ಯಾವಾಗ ಊಟಕ್ಕ ಕರದ್ರೂ ಸಾಹೇಬ್ರಿಗೆ ಅವತ್ತ ಉಪವಾಸ ಇರ್ತದ.