ಬಿಲ್ ಕೊಳ್ಳಲು ಬಂದವರು

ಗೆಳೆಯರೇ, ಇವತ್ತು ಗರುಡಾಚಾರ್‌ಪಾಳ್ಯದಲ್ಲಿ ಲಾರಿ ನಿಲ್ಲಿಸಿಕೊಂಡು ಲೋಡಿಗೆ ಕಾಯುತ್ತಿದ್ದಾಗ ಫೈನಾನ್ಸ್ ಕಂಪನಿಯವರೊಬ್ಬರು ಬಂದರು.

"ಅಣ್ಣಾ, ಬಾಡಿಗೆ ದುಡ್ಡಿಗೆ ತಿಂಗಳುಗಟ್ಟಲೆ ಯಾಕೆ ಕಾಯ್ತೀರಾ? ಬಿಲ್ ನಮಗೆ ಕೊಡಿ. ನೂರಕ್ಕೆ ಮೂರು ರೂಪಾಯಿ ಹಿಡ್ಕೊಂಡು ಉಳಿದಿದ್ದು ಇವತ್ತೇ ಹಾಕ್ತೀವಿ. ಪಾರ್ಟಿ ಹತ್ರ ನಾವು ವಸೂಲಿ ಮಾಡ್ಕೋತೀವಿ."

ತಕ್ಷಣ ಒಂದು ಬಿಲ್ ತೆಗೆದುಕೊಟ್ಟೆ. ಅವರದೇ ಕಂಪನಿ ಕೊಡಬೇಕಾದ ಬಾಡಿಗೆಯದು. ಎರಡು ತಿಂಗಳ ಹಿಂದೆ ಅವರ ಆಫೀಸಿನ ಮೇಜು, ಕುರ್ಚಿಗಳನ್ನೆಲ್ಲ ಇಂದಿರಾನಗರದಿಂದ ಮಹದೇವಪುರಕ್ಕೆ ಸಾಗಿಸಿದ್ದು ನನ್ನ ಲಾರಿಯೇ.

ಬಿಲ್ ಓದುತ್ತಲೇ ಅವರ ಮುಖ ಸಣ್ಣದಾಯಿತು. "ಇದು ಪ್ರೊಸೆಸ್‌ನಲ್ಲಿದೆ ಅಣ್ಣಾ. ಸ್ವಲ್ಪ ಕಾಯ್ಬೇಕು."

"ಕಾಯೋದು ಬೇಡ ಅಂತ ನೀವೇ ಅಂದ್ರಲ್ಲ ಸಾರ್? ಮೂರು ರೂಪಾಯಿ ಹಿಡ್ಕೊಂಡು ಇದನ್ನೇ ತಗೊಳ್ಳಿ."

"ಇಲ್ಲಣ್ಣಾ, ಸರಿಯಾಗಿ ದುಡ್ಡು ಕೊಡೋ ಪಾರ್ಟಿ ಬಿಲ್ ಮಾತ್ರ ತಗೋತೀವಿ."

ಈ ಮಾಹಿತಿಗೆ ಮಾತ್ರ ಪುಣ್ಯಾತ್ಮರು ಮೂರು ರೂಪಾಯಿ ಹಿಡಿದುಕೊಳ್ಳಲಿಲ್ಲ.