ಆಯುಧಪೂಜೆಯ ದಿನದ ತಣ್ಣೀರು

ನಾನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವ. ಆರು ವರ್ಷ, ಮೀನಿನ ಬೋಟುಗಳು ಬಂದು ನಿಲ್ಲುವ ಧಕ್ಕೆಯಲ್ಲಿ ಮೀನು ತೊಳೆದೆ. ಆಮೇಲೆ ಬೈಕಂಪಾಡಿಯ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ಲಿಥಿಯಂ ತೊಳೆಯುವ ಕೆಲಸಕ್ಕೆ ಸೇರಿದೆ. ಮೀನಾದರೇನು, ಲಿಥಿಯಂ ಆದರೇನು, ತೊಳೆಯುವುದು ತೊಳೆಯುವುದೇ ಅಂದುಕೊಂಡಿದ್ದೆ.

ಕೆಲಸ ಇಷ್ಟೇ. ಮಾಸಲು ಪುಡಿ ಚೀಲದಲ್ಲಿ ಬರುತ್ತದೆ. ಅದನ್ನು ನೀರಿಗೆ ಹಾಕಿ, ಸೋಡಾಕ್ಕೆ ತುಂಬಿಸುವ ಗ್ಯಾಸನ್ನೇ ಬಿಟ್ಟರೆ ಕರಗುತ್ತದೆ. ಸೋಸಿದರೆ ಕೊಳೆ ಮೇಲೆ ನಿಲ್ಲುತ್ತದೆ. ಸೋಸಿದ ನೀರನ್ನು ಕಾಯಿಸಿದರೆ ಗ್ಯಾಸ್ ಹೋಗಿ ಬಿಳಿ ಪುಡಿ ಕೆಳಗೆ ಕೂರುತ್ತದೆ. ಆ ಪುಡಿಯನ್ನು ಬಟ್ಟೆಯ ಮೇಲೆ ಹಿಡಿದು ಕುದಿಯುವ ನೀರಿನಲ್ಲಿ ತೊಳೆಯಬೇಕು. ಉಪ್ಪಿನಂಶ ಸ್ವಲ್ಪ ಉಳಿದರೂ ಬ್ಯಾಟರಿಗೆ ಆಗುವುದಿಲ್ಲ. ಕುದಿಯುವ ನೀರೇ ಯಾಕೆ ಎಂದು ನಾನು ಕೇಳಲಿಲ್ಲ. ಕೇಳುವ ಅಭ್ಯಾಸವೇ ನನಗಿರಲಿಲ್ಲ.

ಮ್ಯಾನೇಜರ್ ಮೊದಲೇ ಹೇಳಿದ್ದರು: "ಬ್ಯಾಟರಿ ಕಂಪನಿಗೆ ಸ್ಯಾಂಪಲ್ ಡ್ರಮ್ ಸರಿಯಾಗಿ ಹೋದ್ರೆ ನೀನು ಪರ್ಮನೆಂಟ್. ಇಲ್ಲದಿದ್ರೆ ಪುನಃ ಧಕ್ಕೆಗೆ ಹೋಗು." ಡ್ರಮ್ ಮುಕ್ಕಾಲು ತುಂಬಿತ್ತು. ಇನ್ನೊಂದು ಸಲದ ಪುಡಿ ಸಾಕಿತ್ತು. ಲಾರಿ ಬರುವುದು ಆಯುಧಪೂಜೆಯ ಮರುದಿನ ಬೆಳಿಗ್ಗೆ.

ಪೂಜೆಯ ದಿನ ಪುಡಿ ಬಟ್ಟೆಯ ಮೇಲೆ ಬಂದು ಕೂತಿತು, ಅಷ್ಟರಲ್ಲಿ ಭಟ್ಟರೂ ಬಂದರು. ನಮ್ಮ ಹಿರಿಯ ಆಪರೇಟರ್ ಬಾಯ್ಲರ್ ಆಫ್ ಮಾಡಿ, ಅದಕ್ಕೆ ಗಂಧ ಹಚ್ಚಿ, ಸ್ವಿಚ್ಚಿನ ಮೇಲೆಯೇ ಗೊಂಡೆಹೂವಿನ ಮಾಲೆ ಹಾಕಿದರು.

"ಇನ್ನು ನಾಳೆವರೆಗೆ ಯಾರೂ ಮುಟ್ಲಿಕ್ಕಿಲ್ಲ" ಎಂದರು. ಪೂಜೆ ಆದ ಯಂತ್ರಕ್ಕೆ ಆ ದಿನ ರಜೆ. ನಮ್ಮಲ್ಲಿ ಎಲ್ಲ ಕಡೆ ಹಾಗೆಯೇ.

ಎಲ್ಲರೂ ಅವಲಕ್ಕಿ ತಿನ್ನಲು ಹೋದರು. ಪುಡಿ ತೊಳೆಯದೆ ಒಣಗಿದರೆ ಕೆಟ್ಟಿತು ಎಂದು ನನಗೆ ಗೊತ್ತಿತ್ತು. ಬಿಸಿನೀರು ಇರಲಿಲ್ಲ. ಸರಿ, ಶುದ್ಧ ನೀರಿನ ಪೈಪು ಹಿಡಿದು ತಣ್ಣಗೇ ಬಿಟ್ಟೆ. ಮೀನಿಗೆ ಬಿಟ್ಟ ಹಾಗೆ, ಧಾರಾಳವಾಗಿ. ಒಳ್ಳೆಯ ಕೆಲಸ ಮಾಡಿದೆ ಎಂದು ಖುಷಿಯಿಂದ ಅವಲಕ್ಕಿ ಎರಡು ಸಲ ಹಾಕಿಸಿಕೊಂಡೆ.

ಲ್ಯಾಬಿನ ಮೇಡಂ ಅತ್ತಾವರದಿಂದ ಬರುವವರು, ನನಗಿಂತ ಎರಡು ವರ್ಷ ದೊಡ್ಡವರಿರಬಹುದು. ಮನೆಗೆ ಹೊರಡುವ ಮುಂಚೆ, ಬಟ್ಟೆ ಹಾಸಿದ ಫಿಲ್ಟರಿಗೆ ಇಣುಕಿದರು.

"ಪುಡಿ ಎಲ್ಲಿ?"

ಹೋಗಿ ನೋಡಿದೆ. ನಾಲ್ಕು ಬೆರಳು ದಪ್ಪ ಇದ್ದದ್ದು ಎರಡು ಬೆರಳಾಗಿತ್ತು.

"ಯಾರು ಕದ್ದದ್ದು?" ಎಂದೆ.

"ನೀನೇ ಮಾರಾಯ! ತಣ್ಣೀರು ಬಿಟ್ಟಿದ್ದೀಯಲ್ಲ. ಇದು ಸಕ್ಕರೆ ಅಲ್ಲ. ತಣ್ಣೀರಲ್ಲಿ ಜಾಸ್ತಿ ಕರಗ್ತದೆ, ಬಿಸಿಯಲ್ಲಿ ಕಡಿಮೆ. ತೊಳೆದ ನೀರು ಎಂತ ಮಾಡಿದ್ದಿ?"

"ಕೆಳಗಿನ ಟ್ಯಾಂಕಿಯಲ್ಲಿ ಉಂಟು."

"ಪುಣ್ಯ. ಕಾಯಿಸು. ಬರ್ತದೆ."

ಕಾಯಿಸುವುದು ಹೇಗೆ? ಬಾಯ್ಲರ್ ಮಾಲೆ ಹಾಕಿಕೊಂಡು ಕೂತಿದೆ. ಹಿರಿಯ ಆಪರೇಟರ್ ಹತ್ತಿರ ಹೋದೆ.

"ಸಾಧ್ಯವೇ ಇಲ್ಲ" ಎಂದರು.

"ಹಾಗಾದ್ರೆ ನಾಳೆ ನಾನು ಧಕ್ಕೆಯಲ್ಲಿ ಇರ್ತೇನೆ."

ಅವರು ಬಾಯಿಯಲ್ಲಿದ್ದ ಅವಲಕ್ಕಿ ಅಗಿಯುವುದನ್ನು ನಿಲ್ಲಿಸಿದರು. ಎದ್ದು ಬಾಯ್ಲರಿನ ಮುಂದೆ ಹೋಗಿ ಚಪ್ಪಲಿ ಬಿಟ್ಟು ಕೈಮುಗಿದರು. ತುಳುವಿನಲ್ಲಿ ಏನೋ ಗುಣುಗುಣು ಮಾಡಿದರು.

"ಯಾರತ್ರ ಮಾತಾಡ್ತಿದ್ದೀರಿ?" ಎಂದೆ.

"ಬಾಯ್ಲರ್ ಹತ್ರ. ಮತ್ತೆ ನಿನ್ನತ್ರವಾ?"

"ಎಂತ ಹೇಳ್ತು?"

"ಬೇಡ ಅಂತ ಹೇಳ್ಲಿಲ್ಲ."

ಸ್ವಿಚ್ಚಿನ ಮೇಲಿನ ಮಾಲೆ ತೆಗೆದು ನನ್ನ ಕುತ್ತಿಗೆಗೆ ಹಾಕಿದರು. "ಇವತ್ತು ಪೂಜೆ ನಿನಗೇ ಆಗ್ಬೇಕು."

ಮೇಡಂ ಫಿಲ್ಟರಿನ ಹತ್ತಿರದಿಂದಲೇ ಕೂಗಿದರು: "ಟ್ಯಾಂಕಿಗೆ ಒಂದು ಎಸಳು ಬಿದ್ರೂ ಇಬ್ಬರನ್ನೂ ಬಿಡುವುದಿಲ್ಲ!" ಮಾಲೆ ಗೋಡೆಯ ಮೊಳೆಗೆ ಹೋಯಿತು.

ಬಾಯ್ಲರಿನ ಹಬೆಗೆ ಟ್ಯಾಂಕಿಯ ನೀರು ಬಿಸಿಯೇರಿತು. ಟ್ಯಾಂಕಿಯ ಗಾಜಿನ ಕಿಟಕಿಗೆ ಕಣ್ಣಿಟ್ಟು ನಿಂತೆ. ಮೊದಲು ಏನೂ ಇಲ್ಲ. ಆಮೇಲೆ ನೀರು ಮಂಜು ಮಂಜಾಯಿತು. ನೋಡನೋಡುತ್ತ ಬೆಳ್ಳಗೆ ಹಾಲಿನಂತಾಯಿತು. ದಿನಾ ಪುಡಿ ಕೂರುವುದು ಗ್ಯಾಸ್ ಹೋದದ್ದಕ್ಕೆ; ಅದು ಬಿಟ್ಟರೆ ಕಾಯಿಸಿದರೆ ಕರಗುವುದನ್ನು ಮಾತ್ರ ಕಂಡವ ನಾನು. ಬರೀ ಕಾಯಿಸಿದ್ದಕ್ಕೆ ಗಟ್ಟಿಯಾಗಿ ತಿರುಗಿ ಬಂದದ್ದನ್ನು ಅವತ್ತೇ ನೋಡಿದ್ದು. ಬಾಯಿಬಿಟ್ಟು ನಕ್ಕೆ. ಹಿರಿಯರೂ ಇಣುಕಿ, "ನೋಡು, ಕೇಳಿದ್ದಕ್ಕೆ ಕೊಟ್ಟಿತು" ಎಂದರು.

ಎಲ್ಲ ಬರಲಿಲ್ಲ. ಕುದಿಸಿ ಕುದಿಸಿ ನೀರು ಬತ್ತಿಸಿದ ಮೇಲೆ ಇನ್ನಷ್ಟು ಬಂತು. ಈ ಸಲ ಬುಸುಬುಸು ಹೊಗೆಯಾಡುವ ನೀರಿನಲ್ಲೇ ತೊಳೆದೆ. ಮೇಡಂ ಮೂರು ಸಲ ಪರೀಕ್ಷೆ ಮಾಡಿ ತಲೆ ಆಡಿಸಿದರು. ಡ್ರಮ್ಮಿನ ಗೆರೆಗೆ ಒಂದು ಹಿಡಿ ಕಡಿಮೆ ಬಿತ್ತು. ಹಿಂದಿನ ಪುಡಿಯಿಂದ ಲ್ಯಾಬಿಗೆ ತೆಗೆದಿಟ್ಟದ್ದು ಒಂದು ಬಾಟಲಿ ಹೆಚ್ಚಿಗೆ ಇತ್ತು. ಅದನ್ನು ಮೇಡಂ ತಂದು ಡ್ರಮ್ಮಿಗೆ ಸುರಿದರು.

ಬೆಳಿಗ್ಗೆ ಲಾರಿ ಹೋದ ಮೇಲೆ ಮ್ಯಾನೇಜರಿಗೆ ನಾನೇ ಹೇಳಿದೆ. ಮುಚ್ಚಿಡುವುದು ನನಗೆ ಬರುವುದಿಲ್ಲ.

"ತಣ್ಣೀರಲ್ಲಿ ತೊಳೆದೆ. ಅರ್ಧ ಹೋಯ್ತು. ಕಾಯಿಸಿ ಹಿಂದೆ ತಂದೆವು."

"ಯಾಕೆ ಹೋಯ್ತು ಗೊತ್ತುಂಟಾ?"

ಮೇಡಂ ಹೇಳಿದ್ದನ್ನು ಹಾಗೆಯೇ ಹೇಳಿದೆ.

"ಮುಂದಿನ ವಾರ ಹೊಸಬರು ಬರ್ತಾರೆ. ಅವರಿಗೆ ಇದನ್ನು ನೀನೇ ಹೇಳಿಕೊಡು" ಎಂದರು ಮ್ಯಾನೇಜರ್. ಪರ್ಮನೆಂಟ್ ಎಂಬ ಮಾತು ಅವರೂ ತೆಗೆಯಲಿಲ್ಲ, ನಾನೂ ಕೇಳಲಿಲ್ಲ. ಅಷ್ಟು ಅರ್ಥವಾಗಲು ಶಾಲೆ ಬೇಡ.

ಈ ವರ್ಷದ ಪೂಜೆಗೆ ಹಿರಿಯರು ಮಾಲೆ ಹಿಡಿದು ಬಾಯ್ಲರಿನ ಮುಂದೆ ನಿಂತರು. ಹಾಕಲಿಲ್ಲ. ನನ್ನ ಕಡೆ ತಿರುಗಿದರು.

"ತೊಳೆದಾಯ್ತಾ?"

"ಆಯ್ತು."

"ಬಿಸಿಯಲ್ಲಿ?"

"ಮುಟ್ಟಿ ನೋಡಿ ಬೇಕಾದ್ರೆ."

ಮುಟ್ಟಿದರು. ಬೆರಳು ಸುಟ್ಟುಕೊಂಡು, ನನಗೆ ತುಳುವಿನಲ್ಲಿ ಚೆನ್ನಾಗಿ ಬೈದು, ಆಮೇಲೆ ಮಾಲೆ ಹಾಕಿದರು.